ಲಗ್ನಪತ್ರಿಕೆಯಲ್ಲಿದ್ದ ಬಿ.ಕಾಂ.

ಕಳೆದ ದಸರಾ ರಜೆಗೆ ಮೊಮ್ಮಗಳು ಬೆಂಗಳೂರಿನಿಂದ ಹಾಸನಕ್ಕೆ, ನಮ್ಮ ಮನೆಗೆ ಬಂದಿದ್ದಳು. ಅವಳಿಗೀಗ ಏಳನೇ ತರಗತಿ. ಮನೆಯಲ್ಲಿರುವ ಹಳೆಯ ಕಾಗದಪತ್ರ ನೋಡಿ ಕುಟುಂಬದ ಕಥೆ ಬರೆದುಕೊಂಡು ಬನ್ನಿ ಎಂದು ಶಾಲೆಯಲ್ಲಿ ಹೇಳಿದ್ದರಂತೆ. ಅದಕ್ಕಾಗಿ ಅಟ್ಟದ ಮೇಲಿದ್ದ ನನ್ನ ಹಳೆಯ ಟ್ರಂಕು ಕೆಳಗಿಳಿಯಿತು. ನಡುಮನೆಯ ತುಂಬ ಕಾಗದ ಹರಡಿಕೊಂಡು ಕೂತಳು. ನಾನು ಪಕ್ಕದಲ್ಲಿ ಪೇಪರ್ ಓದುತ್ತಾ, ಅವಳು ಕೇಳಿದ್ದಕ್ಕೆ ಉತ್ತರ ಹೇಳುತ್ತಾ ಇದ್ದೆ.

ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಕೇಳಿದಳು:

"ತಾತ, ನಿನ್ನ ಲಗ್ನಪತ್ರಿಕೆಯಲ್ಲಿ ನಿನ್ನ ಹೆಸರಿನ ಮುಂದೆ ಬಿ.ಕಾಂ. ಅಂತ ಇದೆ. ಇದು 1977. ನಿನ್ನ ಬಿ.ಕಾಂ. ಮಾರ್ಕ್ಸ್ ಕಾರ್ಡಿನಲ್ಲಿ 1989 ಅಂತ ಇದೆ. ಯಾವುದೋ ಒಂದು ತಪ್ಪು."

ನಾನು ಪೇಪರ್ ಮಡಿಸಿದೆ.

ಇಲ್ಲೊಂದು ಮಾತು ಹೇಳಬೇಕು. ನಾನು 39 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಂಪ್ಯೂಟರ್ ಬರುವ ಮೊದಲು ಲೆಡ್ಜರುಗಳನ್ನೆಲ್ಲ ಕೈಯಲ್ಲೇ ಕೂಡಿ ತಾಳೆ ನೋಡುತ್ತಿದ್ದೆವು. ತಾಳೆಯಾಗದಿದ್ದರೆ ಮೊದಲು ನೋಡುವುದು, ವ್ಯತ್ಯಾಸದ ಮೊತ್ತ 9ರಿಂದ ಭಾಗವಾಗುತ್ತದೆಯೇ ಎಂದು. ಮಕ್ಕಳೇ, ನೀವೂ ಮಾಡಿ ನೋಡಿ. 54 ಬರೆಯುವಲ್ಲಿ 45 ಬರೆದರೆ ವ್ಯತ್ಯಾಸ 9. 82 ಬರೆಯುವಲ್ಲಿ 28 ಬರೆದರೆ 54, ಅದೂ 9ರಿಂದ ಭಾಗವಾಗುತ್ತದೆ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಯಾವಾಗಲೂ ಹೀಗೇ. ಈ ಉಪಾಯವನ್ನು ಮೊಮ್ಮಗಳಿಗೆ ನಾನೇ ಕಲಿಸಿದ್ದೆ. ಈಗ ಅದು ನನ್ನ ಮೇಲೇ ತಿರುಗಿತು.

"89ರಲ್ಲಿ 77 ಕಳೆದರೆ 12. 12ನ್ನು 9 ಭಾಗಿಸಲ್ಲ. ಅಂದರೆ ಅಂಕಿ ಅದಲುಬದಲಾಗಿಲ್ಲ ತಾತ. ಬೇರೆ ಏನೋ ಆಗಿದೆ."

ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ನನ್ನ ಹೆಂಡತಿ ಬಾಗಿಲಿಗೆ ಬಂದು ನಿಂತಳು. "ಹೇಳಿ, ಹೇಳಿ. ಮಗು ಕೇಳ್ತಾ ಇದೆ" ಅಂದಳು. ಅವಳ ಮುಖದಲ್ಲಿ ನಗು ಇತ್ತು. ಆ ನಗು ಬರುವುದಕ್ಕೆ ಎಷ್ಟು ವರ್ಷ ಹಿಡಿಯಿತೆಂದು ನನಗೆ ಗೊತ್ತು.

ಮೊಮ್ಮಗಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಓದಿದ್ದು ನಿಜ, ಪಾಸಾದದ್ದಲ್ಲ

ನಮ್ಮೂರು ಅರಸೀಕೆರೆ. ನಮ್ಮ ತಂದೆ ಅಲ್ಲಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಕಿರ್ದಿ ಪುಸ್ತಕ, ಖಾತೆ ಪುಸ್ತಕ, ಕಿವಿಯ ಮೇಲೊಂದು ಪೆನ್ಸಿಲ್, ಇಷ್ಟೇ ಅವರ ಪ್ರಪಂಚ. ಓದಿದ್ದು ಲೋವರ್ ಸೆಕೆಂಡರಿ. ಮಗ ಬಿ.ಕಾಂ. ಮಾಡಬೇಕು, ಮಂಡಿಯ ಸಾಹುಕಾರರ ಎದುರು ಕುರ್ಚಿಯಲ್ಲಿ ಕೂತು ಮಾತಾಡಬೇಕು ಎಂಬುದು ಅವರ ಆಸೆ. ನಾನು ಹಾಸನದ ಕಾಲೇಜಿಗೆ ಸೇರಿದೆ. ಆಗಿನ ಮೀಟರ್ ಗೇಜ್ ರೈಲಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುವುದು. ಎರಡು ವರ್ಷ ಚೆನ್ನಾಗಿಯೇ ಪಾಸಾದೆ.

ಫೈನಲ್ ಇಯರ್‌ನಲ್ಲಿದ್ದಾಗ, 1971ರ ಜನವರಿಯಲ್ಲಿ, ತಂದೆ ತೀರಿಕೊಂಡರು. ಮಂಡಿಯಲ್ಲಿ ಲೆಕ್ಕ ಬರೆಯುತ್ತಾ ಕೂತಿದ್ದವರು ಹಾಗೇ ಪಕ್ಕಕ್ಕೆ ವಾಲಿದರಂತೆ. ನನಗೆ ಇಪ್ಪತ್ತು ತುಂಬಿರಲಿಲ್ಲ. ನನ್ನ ಕೆಳಗೆ ಇಬ್ಬರು ತಂಗಿಯರು. ಪರೀಕ್ಷೆ ಫೀಸಿಗೆಂದು ಅಮ್ಮ ಸಾಸಿವೆ ಡಬ್ಬಿಯಲ್ಲಿ ಇಟ್ಟಿದ್ದ ದುಡ್ಡು ಹದಿಮೂರನೆಯ ದಿನದ ಕಾರ್ಯಕ್ಕೆ ಹೋಯಿತು. ನಾನು ಕಾಲೇಜಿಗೆ ಹೋಗುವ ಬದಲು ಮಂಡಿಗೆ ಹೋಗಿ ಅಪ್ಪನ ಜಾಗದಲ್ಲಿ ಕೂತೆ. ಒಂದು ವರ್ಷದ ಮೇಲೆ ಬ್ಯಾಂಕಿನ ಗುಮಾಸ್ತರ ಪರೀಕ್ಷೆ ಬರೆದೆ. ಆ ಕೆಲಸಕ್ಕೆ ಪದವಿ ಬೇಕಿರಲಿಲ್ಲ, ಪಿಯುಸಿ ಸಾಕಿತ್ತು. 1972ರಲ್ಲಿ ಕೆಲಸ ಸಿಕ್ಕಿತು. ಬ್ಯಾಂಕಿನ ದಾಖಲೆಯಲ್ಲಿ ನನ್ನ ವಿದ್ಯಾಭ್ಯಾಸ ಪಿಯುಸಿ ಎಂದೇ ಇತ್ತು. ಅಲ್ಲಿ ಸುಳ್ಳಿರಲಿಲ್ಲ.

ಊರಿನ ಜನ ಮಾತ್ರ "ಬಿ.ಕಾಂ. ಓದಿದ್ದಾನೆ" ಅನ್ನುತ್ತಿದ್ದರು. ಅದು ಸುಳ್ಳಲ್ಲ, ಓದಿದ್ದು ನಿಜ. ಆದರೆ ಓದಿದ್ದಾನೆ ಎಂಬ ಮಾತು ಬಾಯಿಂದ ಬಾಯಿಗೆ ಹೋಗುತ್ತಾ ಪಾಸಾಗಿದ್ದಾನೆ ಎಂದಾಯಿತು. ನಾನು ತಿದ್ದಲಿಲ್ಲ. ಮೊದಮೊದಲು ತಿದ್ದಲು ಸಂಕೋಚ. ಆಮೇಲೆ ತಿದ್ದುವ ಕಾಲ ಮೀರಿತು ಎಂಬ ಭಾವನೆ.

ನಾಲ್ಕು ಅಕ್ಷರ

1977ರಲ್ಲಿ ತಿಪಟೂರಿನಿಂದ ಸಂಬಂಧ ಬಂತು. ಮಾತುಕತೆಯೆಲ್ಲ ನಮ್ಮ ದೊಡ್ಡಪ್ಪನದು. ಲಗ್ನಪತ್ರಿಕೆ ಅಚ್ಚು ಹಾಕಿಸಿದ್ದೂ ಅವರೇ. ಪ್ರೆಸ್ಸಿನಿಂದ ಕಟ್ಟು ಬಂದಾಗ ಅರಿಶಿನದ ವಾಸನೆಯ ಜೊತೆ ಹೊಸ ಶಾಯಿಯ ವಾಸನೆ. ಒಂದನ್ನು ತೆಗೆದು ನೋಡಿದೆ. ನನ್ನ ಹೆಸರಿನ ಮುಂದೆ ದಪ್ಪಕ್ಷರದಲ್ಲಿ "ಬಿ.ಕಾಂ." ಎಂದಿತ್ತು.

"ದೊಡ್ಡಪ್ಪ, ಇದು..." ಅಂದೆ.

"ಏನೋ ಅದು? ಮೂರು ವರ್ಷ ಕಾಲೇಜಿಗೆ ಹೋಗಿಲ್ವೇನೋ ನೀನು? ಸುಮ್ನಿರು" ಅಂದರು.

ನಾನು ಸುಮ್ಮನಾದೆ. ನೂರೈವತ್ತು ಪತ್ರಿಕೆಗೆ ನಾನೇ ಅರಿಶಿನ ಕುಂಕುಮ ಹಚ್ಚಿ ಹಂಚಿದೆ.

ಆಗ ನನಗೆ ಗೊತ್ತಿಲ್ಲದ ಒಂದು ವಿಷಯ ತಿಪಟೂರಿನ ಮನೆಯಲ್ಲಿ ನಡೆದಿತ್ತು. ಹುಡುಗಿ ಎಸ್‌ಎಸ್‌ಎಲ್‌ಸಿಯಲ್ಲಿ ಫಸ್ಟ್ ಕ್ಲಾಸ್. ಪಿಯುಸಿ ಮೊದಲ ವರ್ಷ ಮುಗಿಸಿದ್ದಳು. ಎರಡನೇ ವರ್ಷಕ್ಕೆ ಫೀಸು ಕಟ್ಟಬೇಕಿತ್ತು, ಪುಸ್ತಕದ ಪಟ್ಟಿಯನ್ನೂ ಬರೆದಿಟ್ಟುಕೊಂಡಿದ್ದಳು. ಈ ಒಂದು ವರ್ಷ ಮುಗಿಸಿಬಿಡುತ್ತೇನೆ, ಆಮೇಲೆ ಮದುವೆ ಮಾಡಿ ಎಂದು ಅವಳ ತಂದೆಯನ್ನು ಕೇಳಿದ್ದಳು. ಅದಕ್ಕೆ ಅವರು, "ಹುಡುಗ ಬಿ.ಕಾಂ., ಬ್ಯಾಂಕಿನಲ್ಲಿದ್ದಾನೆ. ಇಂಥ ಸಂಬಂಧ ಮತ್ತೆ ಸಿಗುತ್ತಾ? ಮನೆಗೆ ಒಬ್ಬ ಪದವೀಧರ ಸಾಕಮ್ಮ" ಅಂದಿದ್ದರು.

ಆ ಪದವೀಧರ ನಾನು.

ಸಾರು ಬಡಿಸುತ್ತಾ ಕೇಳಿದ ಪ್ರಶ್ನೆ

ಒಂಬತ್ತು ವರ್ಷ ಕಳೆಯಿತು. 1986ರಲ್ಲಿ ನಾನು ಹಾಸನದ ಶಾಖೆಯಲ್ಲಿದ್ದೆ. ನಮ್ಮ ಜೊತೆಯ ಒಬ್ಬ ಹುಡುಗ ಕೆಲಸ ಮಾಡುತ್ತಲೇ ಅಂಚೆ ಶಿಕ್ಷಣದಲ್ಲಿ ಬಿ.ಎ. ಮುಗಿಸಿ ಎಲ್ಲರಿಗೂ ಮೈಸೂರುಪಾಕು ಹಂಚಿದ. ಗುಮಾಸ್ತರು ಪದವಿ ಪಡೆದರೆ ಸಂಬಳದಲ್ಲಿ ವಿಶೇಷ ಇನ್‌ಕ್ರಿಮೆಂಟು ಕೊಡುವ ಪದ್ಧತಿ ಬ್ಯಾಂಕಿನಲ್ಲಿತ್ತು. ಅವನ ಹೆಂಡತಿ ಆ ಸುದ್ದಿಯನ್ನು ಅರಿಶಿನ ಕುಂಕುಮಕ್ಕೆ ಹೋದ ಮನೆಯಲ್ಲಿ ಹೇಳಿದ್ದಾಳೆ. ಅಲ್ಲಿ ನನ್ನ ಹೆಂಡತಿಯೂ ಇದ್ದಳು.

ಅಂದು ರಾತ್ರಿ ಸಾರು ಬಡಿಸುತ್ತಾ ಕೇಳಿದಳು. "ರೀ, ಡಿಗ್ರಿ ಇದ್ದವರಿಗೆ ಇನ್‌ಕ್ರಿಮೆಂಟು ಕೊಡ್ತಾರಂತೆ. ನಿಮಗೆ ಯಾಕೆ ಕೊಟ್ಟಿಲ್ಲ?"

ನನ್ನ ಬಾಯಿಂದ ಬಂದದ್ದು ಇನ್ನೊಂದು ಸುಳ್ಳು. "ಕಾಗದ ಎಲ್ಲೋ ತಪ್ಪಿಹೋಗಿದೆ. ಕೊಡ್ತಾರೆ."

ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಎಂಟು ವರ್ಷದ ಮಗಳು ತಕ್ಷಣ ಹೇಳಿದಳು: "ನಾನು ಬಿಳಿ ಹಾಳೆ ಕೊಡ್ತೀನಪ್ಪ. ಇನ್ನೊಂದು ಸಲ ಬರೆದುಕೊಡು."

ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಮಕ್ಕಳು ಮಲಗಿದ ಮೇಲೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಕೊನೆಗೆ, "ನಾನಾಗಿ ಸುಳ್ಳು ಹೇಳಲಿಲ್ಲ. ಸುಮ್ಮನಿದ್ದೆ, ಅಷ್ಟೆ" ಎಂದೆ.

ಅವಳು ಜಗಳವಾಡಲಿಲ್ಲ. ಮೂರು ದಿನ ಮಾತಾಡಲಿಲ್ಲ. ತಿಂಡಿ, ಊಟ, ಕಾಫಿ ಎಲ್ಲ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ತಿಪಟೂರಿನ ಆ ಪುಸ್ತಕದ ಪಟ್ಟಿಯ ಕಥೆ ಹೇಳಿದಳು. ನಾನು ಅದನ್ನು ಕೇಳಿದ್ದು ಅಂದೇ ಮೊದಲು. ಹೇಳಿ ಮುಗಿಸಿ ಅಂದಳು, "ಅಚ್ಚಾಗಿದ್ದನ್ನ ತಿದ್ದೋಕಾಗಲ್ಲ. ಅದನ್ನ ನಿಜ ಮಾಡಿ."

ಬೆಳಗಿನ ನಾಲ್ಕೂವರೆ

ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಶಿಕ್ಷಣ ಆರಂಭಿಸಿತ್ತು. ಮುಂದೆ ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನಾನು ಬಿಟ್ಟು ಹೋಗಿದ್ದು ಫೈನಲ್ ಇಯರ್ ಒಂದೇ. ಆದರೆ ಹದಿನೈದು ವರ್ಷದಲ್ಲಿ ಪಠ್ಯವೆಲ್ಲ ಬದಲಾಗಿತ್ತು. ಮತ್ತೆ ಮೊದಲ ವರ್ಷದಿಂದಲೇ ಶುರು ಮಾಡಿದೆ. ನನಗೆ ಆಗ 35.

ಪಾಠದ ಪುಸ್ತಕಗಳು ಅಂಚೆಯಲ್ಲಿ ಬರುತ್ತಿದ್ದವು. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಿದ್ದೆ. ಕರೆಂಟು ಹೋದರೆ ಲಾಟೀನು. ಆರು ಗಂಟೆಗೆ ಮಗಳು ಎದ್ದು ಬಂದು ಎದುರಿಗೆ ಕೂತು ಮಗ್ಗಿ ಹೇಳುತ್ತಿದ್ದಳು. ಅವಳ ಹದಿಮೂರರ ಮಗ್ಗಿ, ನನ್ನ ಕಂಪನಿ ಅಕೌಂಟ್ಸು, ಒಂದೇ ಮೇಜಿನ ಮೇಲೆ.

ಹತ್ತೊಂಬತ್ತರಲ್ಲಿ ಓದುವುದಕ್ಕೂ ಮೂವತ್ತೈದರಲ್ಲಿ ಓದುವುದಕ್ಕೂ ಬಹಳ ವ್ಯತ್ಯಾಸ. ಬಾಯಿಪಾಠ ಮಾಡುವ ಶಕ್ತಿ ಹೋಗಿತ್ತು. ಸಂಜೆ ಓದಿದ ವ್ಯಾಖ್ಯೆ ಬೆಳಿಗ್ಗೆ ನೆನಪಿರುತ್ತಿರಲಿಲ್ಲ. ಆದರೆ ಅರ್ಥ ಮಾತ್ರ ತಟ್ಟನೆ ಆಗುತ್ತಿತ್ತು. ಒಂದು ಉದಾಹರಣೆ ಕೊಡುತ್ತೇನೆ. ಚೆಕ್ಕಿನ ಮೇಲೆ ಓರೆಯಾಗಿ ಎರಡು ಗೆರೆ ಎಳೆಯುವುದನ್ನು ಮಕ್ಕಳು ನೋಡಿರಬಹುದು. ಅದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಗೆರೆ ಎಳೆದ ಚೆಕ್ಕಿಗೆ ಕೌಂಟರಿನಲ್ಲಿ ನಗದು ಕೊಡುವಂತಿಲ್ಲ, ಹಣ ಯಾವುದಾದರೂ ಬ್ಯಾಂಕಿನ ಖಾತೆಯ ಮೂಲಕವೇ ಹೋಗಬೇಕು. ಚೆಕ್ಕು ಕಳ್ಳನ ಕೈಗೆ ಸಿಕ್ಕಿದರೂ ಹಣ ಯಾರ ಖಾತೆಗೆ ಹೋಯಿತೆಂದು ಹಿಂದೆಯೇ ಹೋಗಿ ಹಿಡಿಯಬಹುದು. ಹದಿನಾಲ್ಕು ವರ್ಷ ಸಾವಿರಾರು ಚೆಕ್ಕುಗಳಲ್ಲಿ ಆ ಗೆರೆ ನೋಡಿದ್ದೆ, ಹಿರಿಯರು ಹೇಳಿದಂತೆ ಕೆಲಸ ಮಾಡಿದ್ದೆ. 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿ ಅದಕ್ಕೊಂದು ಕಲಮು ಇದೆ, 123ನೆಯದು, ಎಂದು ತಿಳಿದದ್ದು ಓದಲು ಕೂತಾಗಲೇ. ಕೈಗೆ ಗೊತ್ತಿದ್ದದ್ದು ತಲೆಗೂ ಗೊತ್ತಾದಾಗ ಆಗುವ ಸಂತೋಷವೇ ಬೇರೆ.

ಒಂದು ಬೆಳಿಗ್ಗೆ ಮಾತ್ರ ಬೇರೆ ರೀತಿಯದು. ವಾಣಿಜ್ಯ ಕಾನೂನಿನ ಪುಸ್ತಕ ತೆರೆದಿದ್ದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮು, ವಂಚನೆ ಎಂದರೇನು ಎಂಬುದು. ಅದಕ್ಕೊಂದು ವಿವರಣೆ ಇದೆ. ಬರಿಯ ಮೌನ ವಂಚನೆಯಲ್ಲ ಎನ್ನುತ್ತದೆ ಕಾನೂನು. ಅಲ್ಲಿಯವರೆಗೆ ಓದಿ ನನಗೆ ಸಮಾಧಾನವಾಯಿತು. ಆದರೆ ವಾಕ್ಯ ಅಲ್ಲಿಗೆ ನಿಲ್ಲುವುದಿಲ್ಲ. ಮಾತಾಡಬೇಕಾದದ್ದು ಕರ್ತವ್ಯವಾಗಿದ್ದಾಗ ಸುಮ್ಮನಿದ್ದರೆ, ಅಥವಾ ಆ ಮೌನವೇ ಮಾತಿಗೆ ಸಮನಾಗಿದ್ದರೆ, ಆಗ ಅದೂ ವಂಚನೆಯಾಗಬಹುದು.

ನನ್ನ ಮದುವೆ ಕರಾರು ಕಾಯ್ದೆಯ ಕೆಳಗೆ ಬರುವುದಿಲ್ಲ, ಅದು ನನಗೂ ಗೊತ್ತು. ಆದರೂ ಲಾಟೀನಿನ ಬೆಳಕಿನಲ್ಲಿ ಆ ಪುಟದಿಂದ ಕಣ್ಣು ತೆಗೆಯಲಾಗಲಿಲ್ಲ. ನೂರೈವತ್ತು ಪತ್ರಿಕೆಗೆ ಅರಿಶಿನ ಹಚ್ಚಿದ ನನ್ನ ಮೌನ ಮಾತಿಗೆ ಸಮನಲ್ಲದೆ ಇನ್ನೇನು? ಹೆಂಡತಿ ಎದ್ದು ಒಲೆ ಹಚ್ಚಲು ಹೋಗುತ್ತಿದ್ದಳು. ಕರೆದೆ. "ಅವತ್ತು ಸುಮ್ಮನಿದ್ದೆ ಅಷ್ಟೆ ಅಂದೆನಲ್ಲ, ಅದು ತಪ್ಪು. ಸುಮ್ಮನಿದ್ದದ್ದೇ ಸುಳ್ಳು" ಎಂದೆ.

"ಇದನ್ನ ತಿಳ್ಕೊಳ್ಳೋಕೆ ಪುಸ್ತಕ ಬೇಕಿತ್ತಾ?" ಎಂದು ಕಾಫಿ ತರಲು ಹೋದಳು.

ಅದೇ ಕಾಲೇಜು, ಅದೇ ಬೆಂಚು

ಪರೀಕ್ಷಾ ಕೇಂದ್ರ ಹಾಸನದ ಅದೇ ಕಾಲೇಜು, 1971ರಲ್ಲಿ ನಾನು ಬಿಟ್ಟುಬಂದದ್ದು. 1987ರ ಬೇಸಿಗೆಯಲ್ಲಿ ಮೊದಲ ಪರೀಕ್ಷೆ. ಇಸ್ತ್ರಿ ಮಾಡಿದ ಪ್ಯಾಂಟು, ಜೇಬಿನಲ್ಲಿ ಎರಡು ಪೆನ್ನು. ಕೊಠಡಿಯ ಬಾಗಿಲಲ್ಲಿ ಒಬ್ಬರು ಅಧ್ಯಾಪಕರು ನಿಂತಿದ್ದರು. ಅವರ ಸಂಬಳದ ಖಾತೆ ನಮ್ಮ ಶಾಖೆಯಲ್ಲೇ ಇತ್ತು, ಪಾಸ್‌ಬುಕ್ಕು ಬರೆದುಕೊಡುತ್ತಿದ್ದವನು ನಾನೇ.

"ಏನ್ರೀ ಇಲ್ಲಿ? ಯಾರನ್ನಾದರೂ ನೋಡಬೇಕಿತ್ತಾ?"

"ಇಲ್ಲ ಸಾರ್. ಪರೀಕ್ಷೆ ಬರೀಬೇಕಿತ್ತು."

ಒಂದು ಕ್ಷಣ ನೋಡಿದರು. ಆಮೇಲೆ ಪಟ್ಟಿಯಲ್ಲಿ ನನ್ನ ನಂಬರು ಹುಡುಕಿ, "ಕಿಟಕಿ ಪಕ್ಕದ ಜಾಗ. ಗಾಳಿ ಬರುತ್ತೆ, ಹೋಗಿ" ಅಂದರು. ನನ್ನ ಪಕ್ಕದ ಬೆಂಚಿನಲ್ಲಿ ಮೀಸೆ ಮೂಡುತ್ತಿದ್ದ ಹುಡುಗ. ನನ್ನನ್ನು ಮೇಲ್ವಿಚಾರಕರೆಂದು ತಿಳಿದು ಎದ್ದು ನಿಂತ. ನಾನು ಕೂತ ಮೇಲೆ ಅವನಿಗೆ ನಗು ತಡೆಯಲಾಗಲಿಲ್ಲ, ನನಗೂ ಅಷ್ಟೆ.

ಎರಡನೇ ವರ್ಷ ಸಂಖ್ಯಾಶಾಸ್ತ್ರದಲ್ಲಿ ಫೇಲಾದೆ. 35 ಬೇಕಿತ್ತು, 28 ಬಂದಿತ್ತು. ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ಕೂಡುವವನು ಅಂಕಿಸಂಖ್ಯೆಯ ವಿಷಯದಲ್ಲೇ ಬಿದ್ದೆ. ಬಾಯಿಲೆಕ್ಕ ಬಂದರೆ ಸಾಕು ಎಂಬ ಜಂಬದಿಂದ ಸೂತ್ರಗಳನ್ನು ಕಲಿತಿರಲಿಲ್ಲ. ಆ ಸಂಜೆ ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಹೇಳಿದೆ. ಅವಳು, "ಈ ಸಲ ಬೇಗ ಹೇಳಿದ್ರಿ" ಅಂದಳು. ನಾನು ಮೊದಲೇ ಹೇಳಿದ ಆ ನಗು ಅವಳ ಮುಖದಲ್ಲಿ ಕಂಡದ್ದು ಅಂದೇ ಮೊದಲ ಸಲ. ಮಗಳಿಗೂ ಹೇಳಿದೆ. "ನಂಗೆ ಲೆಕ್ಕದಲ್ಲಿ ಕಡಿಮೆ ಬಂದ್ರೆ ನೀನು ಬಯ್ಯೋ ಹಾಗಿಲ್ಲ" ಎಂದು ಅವಳು ಕೈ ಮುಂದೆ ಚಾಚಿ ಮಾತು ತೆಗೆದುಕೊಂಡಳು. ಸಪ್ಲಿಮೆಂಟರಿಯಲ್ಲಿ ಪಾಸಾದೆ.

1989ರಲ್ಲಿ ಪದವಿ ಮುಗಿಯಿತು, ಸೆಕೆಂಡ್ ಕ್ಲಾಸ್. ಅಂಕಪಟ್ಟಿ ಕೈಗೆ ಬಂದ ದಿನ ಅಮ್ಮನಿಗೆ ತೋರಿಸಿದೆ. ಸೊಂಟದ ಮೂಳೆ ಮುರಿದು ಅವಳು ಮಲಗಿದ್ದಲ್ಲೇ ಇದ್ದಳು. ಓದಲು ಬರುತ್ತಿರಲಿಲ್ಲ. ಕಾಗದವನ್ನು ಸವರಿ ನೋಡಿ ಕೇಳಿದಳು, "ಪರೀಕ್ಷೆ ಫೀಸು ಎಷ್ಟಾಯ್ತೋ?"

ಹೇಳಿದೆ.

"ಅವತ್ತು ಸಾಸಿವೆ ಡಬ್ಬಿಯಿಂದ ನಾನೇ ತೆಗೆದುಕೊಟ್ಟೆ. ನೀನು ಹೊರಗೆ ಕೂತಿದ್ದೆ. ನಿನ್ನನ್ನ ಒಂದು ಮಾತು ಕೇಳಬೇಕಿತ್ತು" ಅಂದಳು.

ಹದಿನೆಂಟು ವರ್ಷ ಅವಳು ಆ ದುಡ್ಡಿನ ಲೆಕ್ಕ ಇಟ್ಟುಕೊಂಡಿದ್ದಳು. ನಾನೊಬ್ಬನೇ ಏನನ್ನೋ ಮುಚ್ಚಿಟ್ಟುಕೊಂಡು ಬದುಕುತ್ತಿದ್ದೇನೆ ಎಂದುಕೊಂಡಿದ್ದೆ. ಅಮ್ಮನ ಕೈ ಹಿಡಿದುಕೊಂಡು, "ಕೇಳಿದ್ದರೂ ಕೊಡು ಅಂತಲೇ ಹೇಳ್ತಿದ್ದೆ ಅಮ್ಮ" ಎಂದೆ. ಮುಂದಿನ ವರ್ಷ ಅವಳು ಹೋದಳು.

ಮಾವನವರಿಗೆ ಹೇಳುವ ಅವಕಾಶ ಸಿಗಲಿಲ್ಲ. ಅವರು 1984ರಲ್ಲೇ ತೀರಿಕೊಂಡಿದ್ದರು. ಅವರ ಲೆಕ್ಕದಲ್ಲಿ ನಾನು ಮೊದಲ ದಿನದಿಂದಲೂ ಪದವೀಧರ.

ತಾಳೆಯಾಗದ ಒಂದು ಮೊತ್ತ

ಇಲ್ಲಿಗೆ ಕಥೆ ಮುಗಿಸಿದ್ದರೆ ಮೊಮ್ಮಗಳಿಗೆ ಚಪ್ಪಾಳೆ ತಟ್ಟುವುದೊಂದೇ ಬಾಕಿ. ಆದರೆ ಅವಳು ಲೆಕ್ಕ ಕಲಿತ ಹುಡುಗಿ.

"ಅಜ್ಜಿದು?" ಎಂದಳು. "ಅಜ್ಜಿ ಎರಡನೇ ಪಿಯುಸಿ ಯಾವಾಗ ಮುಗಿಸಿದ್ದು?"

ಇದನ್ನು ಬರೆಯಲು ನನಗೆ ಕಷ್ಟವಾಗುತ್ತದೆ. ಬರೆಯದಿದ್ದರೆ ಮತ್ತೆ ಸುಮ್ಮನಿದ್ದಂತಾಗುತ್ತದೆ.

ಇನ್‌ಕ್ರಿಮೆಂಟು ಬಂದಾಗ ಆ ಹಣದಲ್ಲಿ ಹೆಂಡತಿಗೊಂದು ಗ್ರೈಂಡರ್ ತಂದೆ. ನನಗೆ ಅದೇ ದೊಡ್ಡ ಉಡುಗೊರೆ ಅನ್ನಿಸಿತ್ತು. ಅವಳು "ಒಳ್ಳೇದು" ಅಂದಳು. ಒಂದು ವಾರದ ಮೇಲೆ ಬಹಳ ಉದಾರವಾಗಿ ಹೇಳಿದೆ: "ಇನ್ನು ನೀನೂ ಓದು. ಎರಡನೇ ಪಿಯುಸಿಗೆ ಖಾಸಗಿಯಾಗಿ ಕಟ್ಟಬಹುದು."

ಅವಳು ಹಿಟ್ಟು ರುಬ್ಬುತ್ತಿದ್ದವಳು ಸ್ವಿಚ್ಚು ಆರಿಸಿದಳು. "ನೀವು ಓದುವಾಗ ಮನೆ ನಾನು ನೋಡಿಕೊಂಡೆ. ಅತ್ತೆಯನ್ನು ನೋಡಿಕೊಂಡೆ. ನಿಮ್ಮ ಪರೀಕ್ಷೆ ಅಂತ ಮಕ್ಕಳ ಗಲಾಟೆ ಅಡಗಿಸಿದೆ. ನಾನು ಓದಿದರೆ ಯಾರು ನೋಡ್ಕೋತಾರೆ?"

ಆ ಪ್ರಶ್ನೆಗೆ ಎರಡೇ ಅಕ್ಷರದ ಉತ್ತರವಿತ್ತು. "ನಾನು" ಎಂದಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ನನಗೆ ಅದು ಹೊಳೆಯಲೇ ಇಲ್ಲ ಎಂಬುದು ಇನ್ನೂ ನಾಚಿಕೆಯ ಸಂಗತಿ. ಅವಳು ಮತ್ತೆ ಸ್ವಿಚ್ಚು ಹಾಕಿದಳು. ಆ ಸದ್ದಿನಲ್ಲಿ ಮಾತು ಮುಗಿದುಹೋಯಿತು. ಮುಂದೆ ಮಕ್ಕಳ ಓದು, ಮಗಳ ಮದುವೆ, ಬಾಣಂತನ, ನನ್ನ ವರ್ಗಾವಣೆಗಳು. ಅವಳ ಪುಸ್ತಕದ ಪಟ್ಟಿ ಯಾವ ಮನೆ ಬದಲಾಯಿಸುವಾಗ ಕಳೆದುಹೋಯಿತೋ.

ಬ್ಯಾಂಕಿನಲ್ಲಿ ಸಸ್ಪೆನ್ಸ್ ಅಕೌಂಟ್ ಎಂದಿದೆ. ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ತಿಳಿಯದ ಮೊತ್ತವನ್ನು ತಾತ್ಕಾಲಿಕವಾಗಿ ಅದರಲ್ಲಿ ಇಡುತ್ತಾರೆ. ಆಗೆಲ್ಲ ಬ್ಯಾಂಕಿನ ಲೆಕ್ಕದ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. ವರ್ಷದ ಕೊನೆಗೆ ಆ ಖಾತೆಯ ಒಂದೊಂದು ಮೊತ್ತವನ್ನೂ ಹುಡುಕಿ ಅದರದರ ಜಾಗಕ್ಕೆ ಸೇರಿಸಲು ನಾವು ರಾತ್ರಿಯೆಲ್ಲ ಕೂರುತ್ತಿದ್ದೆವು. ನನ್ನ ಬಿ.ಕಾಂ. ಹನ್ನೆರಡು ವರ್ಷ ಆ ಖಾತೆಯಲ್ಲಿತ್ತು, ಕೊನೆಗೆ ಅದರ ಜಾಗಕ್ಕೆ ಹೋಯಿತು. ಅವಳ ಪಿಯುಸಿ ಇನ್ನೂ ಅಲ್ಲೇ ಇದೆ.

ಅರ್ಧಕ್ಕೆ ಬಿಟ್ಟವರಿಗೆ

ನನ್ನ ವಯಸ್ಸಿನವರಲ್ಲಿ ಓದು ಅರ್ಧಕ್ಕೆ ನಿಂತವರು ಪ್ರತಿ ಬೀದಿಯಲ್ಲೂ ಇದ್ದಾರೆ. ಅವರಿಗೆ ಎರಡು ಮಾತು. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ನೋಲಾ ಆಕ್ಸ್ ಎಂಬ ರೈತ ಮಹಿಳೆ 2007ರಲ್ಲಿ, 95ನೇ ವಯಸ್ಸಿನಲ್ಲಿ, ಮೊದಲ ಪದವಿ ಪಡೆದರು. ಅದೇ ಸಮಾರಂಭದಲ್ಲಿ ಅವರ ಮೊಮ್ಮಗಳಿಗೂ ಪದವಿ ಸಿಕ್ಕಿತು. ಇಟಲಿಯ ಪಲೆರ್ಮೊದಲ್ಲಿ ಜುಸೆಪ್ಪೆ ಪಟೆರ್ನೊ ಎಂಬುವರು 2020ರಲ್ಲಿ, 96ರ ವಯಸ್ಸಿನಲ್ಲಿ, ಇತಿಹಾಸ ಮತ್ತು ತತ್ತ್ವಶಾಸ್ತ್ರದಲ್ಲಿ ಪದವೀಧರರಾದರು. ನಮ್ಮ ನೆರೆಯ ಕೇರಳದ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ, 96ನೇ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆಯಲ್ಲಿ 100ಕ್ಕೆ 98 ಅಂಕ ಪಡೆದಿದ್ದರು.

ಈಗ ದಾರಿಗಳೂ ಹೆಚ್ಚಿವೆ. ಹತ್ತು, ಹನ್ನೆರಡನೇ ತರಗತಿ ಮುಗಿಸದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ. ಅಲ್ಲಿ ವಯಸ್ಸಿಗೆ ಮೇಲಿನ ಮಿತಿಯಿಲ್ಲ. ಪದವಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ, 1985ರಲ್ಲಿ ಆರಂಭವಾದ ಇಗ್ನೋ ಇವೆ. ಇಂದಿನ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. 2021ರಲ್ಲಿ ಯುಜಿಸಿ ಒಂದು ಹೊಸ ಬಗೆಯ ಬ್ಯಾಂಕು ತೆರೆಯಿತು, ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. ಇದಕ್ಕೆ ಸೇರಿದ ಕಾಲೇಜುಗಳಲ್ಲಿ ಪಾಸಾದ ವಿಷಯಗಳ ಕ್ರೆಡಿಟ್ಟು ನಿಮ್ಮ ಖಾತೆಗೆ ಜಮಾ ಆಗುತ್ತದೆ, ಸಾಮಾನ್ಯವಾಗಿ ಏಳು ವರ್ಷದವರೆಗೆ ಉಳಿಯುತ್ತದೆ. ನಮ್ಮ ಕಾಲದಲ್ಲಿ ಈ ಬ್ಯಾಂಕಿದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಹಳೆಯ ಅಂಕಪಟ್ಟಿ, ಟಿ.ಸಿ. ಏನೇ ಇದ್ದರೂ ಎಸೆಯಬೇಡಿ. ಮನೆಯವರಿಗೆ ನಿಜ ಹೇಳಿ ಶುರು ಮಾಡಿ. ನೀವು ಓದುವ ಹೊತ್ತಿನಲ್ಲಿ ಮನೆಯ ಕೆಲಸ ಯಾರು ಮಾಡುತ್ತಾರೆ ಎಂಬುದನ್ನು ಮೊದಲ ದಿನವೇ ಕೂತು ಮಾತಾಡಿ. ನಾನು ಮಾಡದೇ ಹೋದದ್ದು ಅದೊಂದೇ.

ಉಪ್ಪಿಟ್ಟು

ಮೊಮ್ಮಗಳು ರಜೆ ಮುಗಿಸಿ ಹೋಗುವಾಗ ಅಜ್ಜಿಯ ಕೈಯಲ್ಲಿ ಒಂದು ಕಾಗದ ಕೊಟ್ಟಳು. ಹನ್ನೆರಡನೇ ತರಗತಿಗೆ ಯಾವ ಯಾವ ವಿಷಯ ತೆಗೆದುಕೊಳ್ಳಬಹುದು ಎಂದು ಮೊಬೈಲಿನಲ್ಲಿ ನೋಡಿ ಬರೆದಿದ್ದಳು. ಹೆಂಡತಿ ಅದನ್ನು ಮಡಿಸಿ ಪಂಚಾಂಗದ ಒಳಗಿಟ್ಟಳು. ಅವಳಿಗೆ ಈಗ ಅರವತ್ತಾರು ದಾಟಿದೆ.

ಆ ರಾತ್ರಿ ಧೈರ್ಯ ಮಾಡಿ ಹೇಳಿದೆ. "ನಾನು ನೋಡ್ಕೋತೀನಿ."

"ಏನನ್ನ?"

"ಮನೆ. ನೀನು ಓದೋವಾಗ."

"ಮೂವತ್ತಾರು ವರ್ಷ ಆಯ್ತು ನಾನು ಕೇಳಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಆಗ ಇದ್ದ ಆಸೆ ಈಗಲೂ ಇದೆಯೋ ಇಲ್ಲವೋ ನನಗೇ ಗೊತ್ತಿಲ್ಲ. ಮೊದಲು ಒಂದು ತಿಂಗಳು ಬೆಳಗಿನ ತಿಂಡಿ ನೀವು ಮಾಡಿ. ಆಮೇಲೆ ನೋಡೋಣ" ಅಂದಳು.

ಇಂದಿಗೆ ಹತ್ತೊಂಬತ್ತು ದಿನವಾಯಿತು. ನನ್ನ ಉಪ್ಪಿಟ್ಟಿನಲ್ಲಿ ಇನ್ನೂ ಗಂಟು ಬರುತ್ತದೆ. ರವೆಯನ್ನು ಒಂದೇ ಸಲ ಸುರಿಯಬಾರದು, ಒಂದು ಕೈಯಲ್ಲಿ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುವಬೇಕು ಎಂದು ಹೇಳಿಕೊಟ್ಟಿದ್ದಾಳೆ. ನಾನು ತಿರುವುವಾಗ ಅವಳು ನಡುಮನೆಯಲ್ಲಿ ಕಾಫಿ ಹಿಡಿದು ಕೂತಿರುತ್ತಾಳೆ. ನಿನ್ನೆ ಇಣುಕಿ ನೋಡಿದೆ. ಪಂಚಾಂಗದಿಂದ ಆ ಕಾಗದ ಹೊರಗೆ ಬಂದಿತ್ತು. ಕೈಯಲ್ಲೊಂದು ಪೆನ್ಸಿಲ್ ಇತ್ತು. ಇತಿಹಾಸ ಎಂಬ ಪದದ ಕೆಳಗೆ ಒಂದು ಗೆರೆ ಎಳೆದಿದ್ದಳು.

ನಾನು ಏನೂ ಕೇಳಲಿಲ್ಲ. ಒಲೆಯ ಮೇಲೆ ರವೆ ಇತ್ತು.